ಅಳಿಸಿದ ಬರಹದ ಒಬ್ಬನೇ ಓದುಗ

"ಆ ಹೊತ್ತಿನ್ಯಾಗ ಅಣ್ಣನ ಬ್ಲಾಗಿಗೆ ಒಬ್ಬ ಮನುಷ್ಯನೂ ಬಂದಿಲ್ರಿ, ಮೇಡಂ."

ಪ್ರಮಿತಾ ಪರದೆಯ ಮೇಲೆ ಬೆರಳಿಟ್ಟು ಹೇಳಿದಳು. ವಕೀಲೆ ರಾಜೇಶ್ವರಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು. ಸಾಲು ಸಾಲು ಇಂಗ್ಲಿಷ್ ಅಕ್ಷರ, ಅಂಕಿ, ಗೆರೆ. ಅವಳಿಗೆ ತಲೆಬುಡ ತಿಳಿಯಲಿಲ್ಲ.

"ಯಾರೂ ಬಂದಿಲ್ಲಂದ್ರ ನಮ್ಮ ಕೇಸು ಇಲ್ಲಿಗೇ ಮುಗೀತು, ಪ್ರಮಿತಾ."

ಸೇಡಂ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಪ್ರಮಿತಾಳ ಕಂಪ್ಯೂಟರ್ ತರಬೇತಿ ಕೇಂದ್ರ. ಶುಕ್ರವಾರದ ತರಗತಿಗಳನ್ನು ರದ್ದು ಮಾಡಿ ಅವಳು ಬೆಳಗಿನಿಂದ ಈ ಸಾಲುಗಳ ಮುಂದೆ ಕೂತಿದ್ದಳು. ಅವಳ ಅಣ್ಣ ಪ್ರಾಣೇಶ ಮಾಸ್ತರ, ಚಂದ್ರಂಪಳ್ಳಿ ಜಲಾಶಯದ ಕಾಡಿನಲ್ಲಿದ್ದ ಕಂಚಿನ ಯಕ್ಷಿಯನ್ನು ಕದ್ದು ಮಾರಿದ ಆರೋಪದ ಮೇಲೆ ಜೈಲು ಸೇರಿ ವಾರ ಕಳೆದಿತ್ತು. ಸೋಮವಾರ ಅವನ ಜಾಮೀನು ಅರ್ಜಿ ವಿಚಾರಣೆಗೆ ಬರುವುದಿತ್ತು.

ಪೊಲೀಸರ ವಾದ ಸರಳ. ಮೂರ್ತಿ ಇರುವ ಜಾಗ ಗೊತ್ತಿದ್ದದ್ದು ಮಾಸ್ತರನಿಗೊಬ್ಬನಿಗೇ. ಅವನೇ ಅಧಿಕಾರಿಗಳನ್ನು ಕರೆದುಕೊಂಡು ಹೋಗಿ ಪಾಳುಗುಡಿಯ ನೆಲದ ಕಲ್ಲು ಎತ್ತಿಸಿದಾಗ ಕೆಳಗೆ ಬರೀ ಮಣ್ಣಿತ್ತು. ಮೊದಲೇ ಮಾರಿಕೊಂಡು ಆಮೇಲೆ ನಾಟಕ ಆಡಿದ್ದಾನೆ ಎಂದರು.

ಪ್ರಾಣೇಶ ತನ್ನ ವಕೀಲೆಗೆ ಹೇಳಿದ್ದೇ ಬೇರೆ. "ಮೂರ್ತಿ ಕಂಡ ಖುಷಿಗೆ ಭಾನುವಾರ ಮಧ್ಯಾಹ್ನ ಬ್ಲಾಗಿನ್ಯಾಗ ಬರದೆನ್ರಿ. ಜಾಗದ ಹೆಸರೂ ಹಾಕಿದ್ದೆ. ತಪ್ಪಾತು ಅನಿಸಿ ಜರಾ ಹೊತ್ತಿನ್ಯಾಗ ಅಳಿಸಿಬಿಟ್ಟೆ. ಅಷ್ಟರಾಗ ಯಾರೋ ಓದ್ಯಾರ." ಜಾಲರಿಯ ಆಚೆ ನಿಂತು ಅಷ್ಟು ಹೇಳಿ ಅವನು ಕಣ್ಣು ಕೆಳಗೆ ಮಾಡಿದ್ದ. ನಾಚಿಕೆ ಇರಬೇಕು ಎಂದುಕೊಂಡಿದ್ದಳು ರಾಜೇಶ್ವರಿ.

ಓದಿದವರು ಯಾರು? ಅದೊಂದು ಗೊತ್ತಾದರೆ ನ್ಯಾಯಾಧೀಶರ ಮುಂದೆ ಹೇಳಲು ಅವಳ ಹತ್ತಿರ ಒಂದು ಮಾತಿರುತ್ತಿತ್ತು.

"ಈ ಸಾಲು ಏನು ಹೇಳ್ತಾವ? ನನಗ ತಿಳಿಯೋ ಹಂಗ ಹೇಳವಾ."

"ಯಾರೇ ಬ್ಲಾಗಿಗೆ ಬಂದ್ರೂ ಅವರ ಬ್ರೌಸರಿನ ಹೆಸರು ಇಲ್ಲಿ ಬೀಳ್ತದ್ರಿ. ಮನುಷ್ಯಾನ ಹೆಸರು ಬೀಳಂಗಿಲ್ಲ. ಯಾವ ಬಾಗಿಲಿಂದ ಒಳಗ ಬಂದ ಅನ್ನೋದು ಅಷ್ಟೇ." ಪ್ರಮಿತಾ ಪುಟವನ್ನು ಮೇಲೆ ಸರಿಸಿದಳು. "ಅಣ್ಣ ದಿನಾ ಸಂಜೀಕ ಇದನ್ನ ನೋಡಿಯೇ ಊಟಕ್ಕ ಕೂಡ್ತಿದ್ದ. ಹಳೇ ಕಂಪ್ಯೂಟರಿನ್ಯಾಗ ಕನ್ನಡ ಬರಾಬರ್ ಕಾಣಂಗಿಲ್ರಿ. ಒತ್ತಕ್ಷರ ಒಡೀತಾವ, ಇಲ್ಲಾಂದ್ರ ಬರೇ ಡಬ್ಬಿ ಡಬ್ಬಿ. ಎಷ್ಟು ಮಂದಿಗೆ ತನ್ನ ಅಕ್ಷರ ಸರಿ ಕಾಣ್ತಾವ ಅಂತ ಅವಗ ಅದೇ ಫಿಕರ್."

"ಇವರೆಲ್ಲಾ ಯಾರು?"

"ಇದು ನೋಡ್ರಿ, ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್. ಭಾಳ ಮಂದಿ ಇದರಾಗೇ ಬರ್ತಾರ. ಸೈಬರ್ ಕೆಫೆಯವರು, ಕಚೇರಿಯವರು. ಇದು ಫೈರ್‌ಫಾಕ್ಸ್, ತಾವೇ ಹುಡುಕಿ ಹಾಕ್ಕೊಂಡವರು. ಈ ಒಪೆರಾ ಮೊಬೈಲಿಂದು. ಇವರೊಬ್ರು ಶಹಾಬಾದಿನ ಮಜೀದಸಾಬ, ಇನ್ನೂ ವಿಂಡೋಸ್ ತೊಂಬತ್ತೆಂಟರಾಗೇ ಇದ್ದಾರ. ಅವರೇ ಒಮ್ಮೆ ಪತ್ರ ಬರೆದು, ಮಾಸ್ತರ ನಿಮ್ಮ ಕನ್ನಡ ನನಗ ಕಾಣವಲ್ದು ಅಂದಿದ್ರು. ಅವರೊಬ್ಬರ ಸಲುವಾಗಿ ಅಣ್ಣ ಪ್ರತಿ ಬರಹಾನೂ ಚಿತ್ರ ಮಾಡಿ ಬ್ಯಾರೆ ಹಾಕ್ತಿದ್ದ."

ಆ ಅಕ್ಷರಗಳ ಹಿಂದೆ ರಾಜೇಶ್ವರಿಗೆ ಈಗ ಜನ ಕಂಡರು. ಶಹಾಬಾದಿನ ಯಾವುದೋ ಮನೆಯಲ್ಲಿ ಹಳೆಯ ಪೆಟ್ಟಿಗೆಯ ಮುಂದೆ ಕೂತು ಕನ್ನಡ ಓದಲು ಹೆಣಗುವ ಒಬ್ಬ ಮುದುಕ. ಅವನೊಬ್ಬನಿಗಾಗಿ ಎರಡು ಪಟ್ಟು ಕೆಲಸ ಮಾಡುವ ಒಬ್ಬ ಮಾಸ್ತರ. ಅಂಥವನು ಮೂರ್ತಿ ಮಾರಿಕೊಂಡಾನೆಯೆ?

"ಆ ಭಾನುವಾರ ಇವರ್ಯಾರೂ ಇಲ್ಲೇನು?"

"ಮುಂಜಾನೆ ಬಂದೋರು ಇದ್ದಾರ, ರಾತ್ರಿ ಬಂದೋರು ಇದ್ದಾರ. ಬರಹ ಇದ್ದ ಹೊತ್ತಿನ್ಯಾಗ ಅಣ್ಣನ ಸ್ವಂತ ಫೈರ್‌ಫಾಕ್ಸ್ ಬಿಟ್ರ ಯಾರೂ ಇಲ್ಲ."

ತಲೆಯ ಮೇಲಿನ ಫ್ಯಾನ್ ನಿಧಾನವಾಗಿ ನಿಂತಿತು. ಮೂಲೆಯ ಬ್ಯಾಟರಿ ಕುಂಯ್ ಕುಂಯ್ ಎನ್ನತೊಡಗಿತು. ಬೇಸಿಗೆ ಬಂತೆಂದರೆ ಸೇಡಂಗೆ ಮಧ್ಯಾಹ್ನದ ಕರೆಂಟ್ ಇಲ್ಲ.

"ಬ್ರೌಸರ್ ಬಿಟ್ಟು ಓದ್ಲಿಕ್ಕೆ ಬ್ಯಾರೆ ದಾರಿ ಇಲ್ಲೇನು?" ರಾಜೇಶ್ವರಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೇಳಿದಳು.

"ಅದಾವ್ರಿ. ಫೀಡ್ ರೀಡರ್ ಅಂತ. ಅಂಗಡಿಗೆ ಹೋಗಿ ಪೇಪರ್ ಓದೋರು ಇರ್ತಾರ, ಮನೀಗೇ ಹಾಕಿಸಿಕೊಳ್ಳೋರು ಇರ್ತಾರಲ್ಲ, ಹಂಗ. ಹೊಸ ಬರಹ ಬಂತಂದ್ರ ಆ ರೀಡರ್ ತಾನೇ ಬಂದು ಒಯ್ದು ಮಾಲಕನ ಮುಂದ ಇಡ್ತದ. ಗೂಗಲ್ ರೀಡರ್ ಆ ದಿನ ಬಂದದ್ದು ಅಣ್ಣ ಅಳಿಸಿದ ಮ್ಯಾಲೆ. ಅದಕ್ಕ ಏನೂ ಸಿಕ್ಕಿಲ್ಲ. ಇನ್ನ ಇದು..."

ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಯವ್ವಾ! ಇದನ್ನ ನಾ ಯಂತ್ರ ಅಂತ ಬಿಟ್ಟೇಬಿಟ್ಟಿದ್ದೆ. ಮನುಷ್ಯಾರನ್ನಷ್ಟೇ ಹುಡುಕ್ಲಿಕತ್ತಿದ್ದೆ."

"ಏನದು?"

"ಇದೂ ಒಂದು ಫೀಡ್ ರೀಡರೇ. ಆದ್ರ ಗೂಗಲಿನ ಹಂಗ ಎಲ್ಲೋ ಇರೋದಲ್ಲ, ಒಬ್ಬ ಓದುಗನ ಸ್ವಂತ ಕಂಪ್ಯೂಟರಿನ್ಯಾಗ ಕೂತಿರೋದು. ಅರ್ಧ ತಾಸಿಗೊಮ್ಮೆ ಬಂದು ಹೊಸಾದು ಅದ ಏನು ಅಂತ ಕೇಳಿ ಹೋಗ್ತದ. ಆ ಭಾನುವಾರ ಬರಹ ಇದ್ದಾಗ ಬಂದದ. ಒಯ್ದದ."

"ಮಾಸ್ತರ ಆಮ್ಯಾಲೆ ಅಳಿಸಿದ್ರಲ್ಲ?"

"ಇಲ್ಲಿ ಅಳಿಸಿದ್ರ ಅಲ್ಲಿ ಅಳೀಬೇಕಂತಿಲ್ರಿ. ಮನೀಗೆ ಬಂದು ಬಿದ್ದ ಪೇಪರ್ ವಾಪಸ್ ಹೋಗ್ತದೇನು?"

ಬ್ಯಾಟರಿ ಕೊನೆಯ ಸಲ ಕೂಗಿತು. ಪರದೆ ಕಪ್ಪಾಯಿತು.

ಇಬ್ಬರೂ ಕತ್ತಲೆಗೋಣೆಯಲ್ಲಿ ಬೆವರುತ್ತ ಕೂತರು. ಆ ಓದುಗ ಎಲ್ಲಿಯವನೆಂದು ತಿಳಿಯಲು ದಾರಿ ಇಲ್ಲವೆಂದಳು ಪ್ರಮಿತಾ. ದೂರವಾಣಿ ಇಲಾಖೆಯ ಸಂಪರ್ಕ, ಗುಲ್ಬರ್ಗಾ ಜಿಲ್ಲೆ, ಅಷ್ಟೇ ತೋರಿಸುತ್ತದೆ. ಜಿಲ್ಲೆ ಎಂದರೆ ಚಿಂಚೋಳಿಯೂ ಹೌದು, ಚಿತ್ತಾಪುರವೂ ಹೌದು.

ರಾಜೇಶ್ವರಿ ನಿಂತುಹೋದ ಫ್ಯಾನನ್ನೇ ನೋಡುತ್ತಿದ್ದಳು.

"ಪ್ರಮಿತಾ, ಈಗ ನಿನ್ನ ಕಂಪ್ಯೂಟರ್ ಬಂದ್ ಆತು. ಇದರಾಗ ಅಂಥಾ ರೀಡರ್ ಇದ್ದಿದ್ರ ಅದೂ ನಿಲ್ತಿತ್ತು, ಹೌದಿಲ್ಲೋ?"

"ಹೌದ್ರಿ."

"ಹಂಗಾರ ಆ ಓದುಗನ ಊರಾಗ ಕರೆಂಟ್ ಹೋದಾಗೆಲ್ಲಾ ಅವನ ರೀಡರ್ ಬರೋದು ತಪ್ಪಬೇಕು. ಯಾವ ಹೊತ್ತಿಗೆ ತಪ್ಪತದ ಅಂತ ನೋಡಿದ್ರ ಯಾವ ಊರು ಅಂತ ಗೊತ್ತಾಗ್ತದ."

ಪ್ರಮಿತಾ ಕತ್ತಲೆಯಲ್ಲೇ ಅವಳ ಮುಖ ಹುಡುಕಿದಳು. ಒಂದು ಊರಿಗೆ ಬೆಳಿಗ್ಗೆ, ಇನ್ನೊಂದಕ್ಕೆ ಮಧ್ಯಾಹ್ನ, ಮತ್ತೊಂದಕ್ಕೆ ಸಂಜೆ ಕರೆಂಟ್ ತೆಗೆಯುತ್ತಿದ್ದ ಕಾಲ ಅದು. ಯಾವ ಊರಿಗೆ ಯಾವಾಗ ಎಂಬುದು ಬಸ್ಸಿನ ವೇಳೆಯಂತೆ ಎಲ್ಲರಿಗೂ ಬಾಯಿಪಾಠ.

ಫ್ಯಾನ್ ತಿರುಗಿದ ಕೂಡಲೇ ಪ್ರಮಿತಾ ಕಂಪ್ಯೂಟರಿಗೆ ಹಾರಿದಳು. ಹಿಂದಿನ ತಿಂಗಳು, ಅದರ ಹಿಂದಿನದು, ಅದರ ಹಿಂದಿನದು. ನೋಡುತ್ತ ನೋಡುತ್ತ ಅವಳ ಹುಬ್ಬು ಗಂಟಿಕ್ಕಿತು.

"ತಪ್ಪೇ ಇಲ್ರಿ ಮೇಡಂ. ಹಗಲು ರಾತ್ರಿ, ಅರ್ಧ ತಾಸಿಗೊಮ್ಮೆ. ಹೋಳಿ ಹುಣ್ಣಿವಿ ಮುಂದ ಎರಡು ದಿನ ಒಟ್ಟೇ ಬಂದಿಲ್ಲ. ಅದೊಂದು ಬಿಟ್ರ ಗೋಡೆ ಗಡಿಯಾರದಂಗ ಬಂದದ. ನಮ್ಮ ಜಿಲ್ಲೆದಾಗ ಕರೆಂಟ್ ಹೋಗದ ಊರು ಯಾವುದದ್ರಿ?"

"ಊರು ಇಲ್ಲ," ರಾಜೇಶ್ವರಿ ಎದ್ದು ನಿಂತಳು. "ಕಾಲೊನಿ ಅದಾವ."

ಸಿಮೆಂಟ್ ಕಾರ್ಖಾನೆಗಳ ಕಾಲೊನಿಗಳು! ಅವು ತಮ್ಮ ವಿದ್ಯುತ್ತನ್ನು ತಾವೇ ತಯಾರಿಸಿಕೊಳ್ಳುತ್ತಿದ್ದವು. ಸುತ್ತಲ ಊರು ಕಗ್ಗತ್ತಲಾದರೂ ಅವುಗಳ ಬೀದಿದೀಪ ಆರುತ್ತಿರಲಿಲ್ಲ. ಆದರೆ ಅಂಥ ಕಾಲೊನಿ ಸೇಡಂನಲ್ಲೂ ಇತ್ತು, ಶಹಾಬಾದಿನಲ್ಲೂ ಇತ್ತು, ವಾಡಿಯಲ್ಲೂ ಇತ್ತು.

"ಹೋಳಿ ಮುಂದ ಎರಡು ದಿನ ಅಂದ್ಯಲ್ಲ?" ರಾಜೇಶ್ವರಿ ಕೇಳಿದಳು. "ಆಗ ನಾ ವಾಡಿಯ ಒಬ್ಬ ಕಕ್ಷಿದಾರಗ ಫೋನ್ ಹಚ್ಚಿ ಹಚ್ಚಿ ಸಾಕಾಗಿದ್ದೆ. ರಸ್ತೆ ಅಗೀವಾಗ ಕೇಬಲ್ ಕಡಿದು ಇಡೀ ವಾಡಿಯ ಫೋನ್ ಬಂದ್ ಆಗಿದ್ವು."

ಪ್ರಮಿತಾ ಆಗಲೇ ಬ್ಲಾಗಿನ ಹಳೆಯ ಪ್ರತಿಕ್ರಿಯೆಗಳನ್ನು ತೆರೆದಿದ್ದಳು. ವಾಡಿಯಿಂದ ಬರೆದವನು ಒಬ್ಬನೇ ಇದ್ದ. ಪ್ರಾಣೇಶ ಒಂದು ಶಾಸನದ ಕಲ್ಲನ್ನು ಗ್ರಾನೈಟ್ ಎಂದು ಬರೆದಾಗ, 'ಅಲ್ಲ ಸರ್, ಅದು ಕಪ್ಪು ಬಸಾಲ್ಟ್' ಎಂದು ವಿನಯದಿಂದ ತಿದ್ದಿದ್ದ. ಕೆಳಗೆ ಹೆಸರು, ಊರು ಇತ್ತು: ಮಹೇಶಕುಮಾರ, ವಾಡಿ.

ಅಂದು ಸಂಜೆ ಚಿಂಚೋಳಿಯ ಮನೆಯಲ್ಲಿ ರೊಟ್ಟಿ ಮುರಿಯುತ್ತ ಕೂತಾಗ ರಾಜೇಶ್ವರಿಯ ತಂದೆ ರೇವಣಸಿದ್ದಯ್ಯನವರು ಕೇಳಿದರು: "ಓದಿದಾಂವ ಸಿಕ್ಕನೇನವ್ವ?"

ನೀರಾವರಿ ಇಲಾಖೆಯಲ್ಲಿ ಚಂದ್ರಂಪಳ್ಳಿಯ ಕಾಲುವೆ, ಕಟ್ಟೆ ಎಂದು ನಲವತ್ತು ಬೇಸಿಗೆ ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿ ನಿವೃತ್ತರಾದವರು. ಹೆಂಡತಿ ಚಂದಮ್ಮ ತೀರಿಕೊಂಡು, ಅದೇ ವರ್ಷ ಹಿರಿಯ ಮಗ ಮನೆ ಬಿಟ್ಟು ಹೋದ ಮೇಲೆ ಅಡಿಗೆಯನ್ನೂ ಅವರೇ ಕಲಿತಿದ್ದರು. ಮಗಳ ಕೇಸುಗಳ ಬಗ್ಗೆ ಎಂದೂ ಕೇಳದವರು ಈ ವಾರ ದಿನವೂ ಕೇಳುತ್ತಿದ್ದರು. ಪ್ರಾಣೇಶ ಮಾಸ್ತರನ ಮೇಲೆ ಊರಿನ ಎಲ್ಲರಿಗೂ ಇದ್ದ ಮಮತೆಯೇ ಅದು ಎಂದುಕೊಂಡಿದ್ದಳು ಅವಳು.

"ನಾಳಿ ವಾಡಿಗೆ ಹೋಗ್ಲಿಕತ್ತೀನಪ್ಪಾ. ಸಿಗಬಹುದು."

ಅವರು ಏನೋ ಹೇಳಲು ಬಾಯಿ ತೆರೆದು, ನೀರಿನ ತಂಬಿಗೆ ಅವಳ ಕಡೆ ಸರಿಸಿದರು.

ಮರುದಿನ ಸೇಡಂನಿಂದ ಪ್ಯಾಸೆಂಜರ್ ಗಾಡಿ. ಚಿತ್ತಾಪುರ ದಾಟಿದ ಮೇಲೆ ಗಿಡಗಳ ಎಲೆ ಹಸಿರು ಬಿಟ್ಟು ಬೂದಿಯ ಬಣ್ಣಕ್ಕೆ ತಿರುಗಿತು. ಕಾಲೊನಿಯ ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋದಾಗ ಮಾತ್ರ ನೀರು ಕುಡಿದ ಹುಲ್ಲು, ತೊಳೆದಂಥ ರಸ್ತೆ, ಮನೆಮನೆಯಲ್ಲೂ ತಿರುಗುವ ಫ್ಯಾನು.

ಮಹೇಶಕುಮಾರ ಬಾಗಿಲು ತೆರೆದ. ಗಣಿ ವಿಭಾಗದ ಭೂವಿಜ್ಞಾನಿ. ಮೂವತ್ತೈದರ ಆಸುಪಾಸು, ಒಂಟಿ ಮನುಷ್ಯ. ಪಡಸಾಲೆಯ ಕಿಟಕಿ, ಮೇಜು, ಕಪಾಟು ಎಲ್ಲ ಕಡೆ ಕಲ್ಲುಗಳಿದ್ದವು. ಮೂಲೆಯಲ್ಲಿ ಕಂಪ್ಯೂಟರ್ ಚಾಲೂ ಇತ್ತು.

ಕಪ್ಪು ಕೋಟು ನೋಡಿದ ಕೂಡಲೇ ಅವನ ಮುಖ ಬಿಗಿಯಿತು.

"ಪ್ರಾಣೇಶ ಮಾಸ್ತರ ನಿಮಗ ಗೊತ್ತೇನ್ರಿ?" ರಾಜೇಶ್ವರಿ ಕೂಡುವ ಮೊದಲೇ ಕೇಳಿದಳು.

"ಇಲ್ರಿ. ನಾ ಅವರನ್ನ ನೋಡೇ ಇಲ್ಲ."

"ನೋಡಿಲ್ಲ ಅಂದ್ರ ನಂಬ್ತೀನಿ. ಅವರ ಬ್ಲಾಗ್?"

"ಎಂದೋ ಒಮ್ಮೆ... ಈಗೇನಿಲ್ರಿ. ಯಾಳೇನೇ ಸಿಗಂಗಿಲ್ಲ."

"ನಿಮಗ ಯಾಳೆ ಇಲ್ಲ. ಆದ್ರ ನಿಮ್ಮ ಕಂಪ್ಯೂಟರ್ ಅರ್ಧ ತಾಸಿಗೊಮ್ಮೆ ಅವರ ಬಾಗಿಲು ಬಡದು ಬರ್ತದ. ಹೋಳಿ ಮುಂದ ಫೋನ್ ಕೆಟ್ಟಾಗ ಎರಡು ದಿನ ಅಷ್ಟೇ ಹೋಗಿಲ್ಲ."

 ಅವನು ಕುರ್ಚಿಗೆ ಕುಸಿದು, "ಇದೆಲ್ಲಾ ನಿಮಗ ಹ್ಯಾಂಗ ಗೊತ್ತಾತು?" ಎಂದ.

"ನೀವು ಆ ಭಾನುವಾರ ಮೂರ್ತಿ ಬಗ್ಗೆ ಓದೀರಿ. ಮೂರ್ತಿ ಹೋತು. ಮಾಸ್ತರ ಜೈಲಿಗೆ ಹೋದ್ರು. ನೀವು ಸುಮ್ಮನ ಕೂತೀರಿ."

"ಓದೋದು ಗುನ್ಹೆ ಏನ್ರಿ?" ಅವನ ದನಿ ಏರಿತು. "ಹಗಲೆಲ್ಲಾ ಸ್ಫೋಟ, ಧೂಳು, ಲಾರಿ. ಮನೀಗೆ ಬಂದ್ರ ಈ ನಾಲ್ಕು ಗೋಡಿ. ಆ ಮನುಷ್ಯಾ ಬರೆಯೋದನ್ನ ನಾ ಮೂರು ವರ್ಷದಿಂದ ಓದ್ಲಿಕತ್ತೀನಿ. ಒಂದೂ ಬಿಟ್ಟಿಲ್ಲ. ಅವರನ್ನ ಕಳ್ಳ ಅಂತ ಪೇಪರಿನ್ಯಾಗ ಹಾಕಿದ ದಿನ ನನಗ ಊಟ ಸೇರಲಿಲ್ರಿ."

"ಊಟ ಬಿಟ್ರಿ. ಬಾಯಿ ಬಿಡಲಿಲ್ಲ."

ಅವನು ತಲೆ ತಗ್ಗಿಸಿದ. "ಅಂಜಿದೆ. ಅಳಿಸಿದ ಬರಹ ನನ್ನ ಹತ್ರ ಅದ ಅಂದ್ರ ನನ್ನನ್ನೇ ಹಿಡೀತಾರ ಅಂತ. ನೌಕರಿ ಹೋದ್ರ ಈ ಮನೀನೂ ಹೋಗ್ತದ."

ರಾಜೇಶ್ವರಿ ಮೂಲೆಯ ಪರದೆಯ ಕಡೆ ನೋಡಿದಳು. ಇವನು ಕಳ್ಳನಲ್ಲ ಎಂದು ಅವಳಿಗೆ ಅನಿಸತೊಡಗಿತ್ತು. ಕಳ್ಳನಾಗಿದ್ದರೆ ಆ ಕಂಪ್ಯೂಟರನ್ನು ಹೀಗೆ ಚಾಲೂ ಬಿಟ್ಟು ಬಾಗಿಲು ತೆರೆಯುತ್ತಿರಲಿಲ್ಲ.

"ಆ ಬರಹ ನನಗ ತೋರಸ್ರಿ."

ಅವನು ಮೌಸ್ ಹಿಡಿದ. ಪರದೆಯ ಎಡಕ್ಕೆ ಬ್ಲಾಗುಗಳ ಹೆಸರು, ಬಲಕ್ಕೆ ಬರಹಗಳ ತಲೆಬರಹ. ಅಳಿಸಿಹೋಗಿದ್ದ ಆ ಭಾನುವಾರದ್ದು ಇಲ್ಲಿ ಹಾಗೇ ಇತ್ತು. ಮೂರ್ತಿಯ ಚಿತ್ರ, ಅದರ ಕೆಳಗೆ ಕನ್ನಡದ ಸಾಲು.

ರಾಜೇಶ್ವರಿ ಓದಿದಳು.

'ಇಂದು ಒಬ್ಬಳು ಯಕ್ಷಿಯನ್ನು ಕಂಡೆ. ಮೊಳದಷ್ಟು ಎತ್ತರ. ಸೊಂಟದಲ್ಲಿ ಮಗು, ಕೈಯಲ್ಲಿ ಮಾವಿನ ಗೊಂಚಲು. ಯಾರೋ ಎಷ್ಟೋ ಶತಮಾನದ ಹಿಂದೆ ಎರಕ ಹೊಯ್ದು ನಗಿಸಿದ ಮುಖ ಇನ್ನೂ ನಗುತ್ತಲೇ ಇದೆ. ಎಲ್ಲಿ ಎಂದು ಬರೆಯಲಾರೆ. ಬರೆದರೆ ಅವಳು ಅಲ್ಲಿ ಉಳಿಯಲಾರಳು.'

ಅವಳು ಅಲ್ಲಿಗೇ ನಿಂತು ಮತ್ತೊಮ್ಮೆ ಓದಿದಳು. ಎಲ್ಲಿ ಎಂದು ಬರೆಯಲಾರೆ.

ಜಾಗದ ಹೆಸರು ಬರೆದಿದ್ದೆ ಎಂದಿದ್ದನಲ್ಲ ಪ್ರಾಣೇಶ! ತನ್ನನ್ನು ಬಿಡಿಸಲು ಓಡಾಡುವ ವಕೀಲೆಗೇ ಸುಳ್ಳು ಹೇಳಿದ್ದ. ಯಾಕೆ? ಅಳಿಸಿದ ಬರಹವನ್ನು ಯಾರೂ ನೋಡಲಾರರು, ತಾನು ಹೇಳಿದ್ದೇ ನಿಜವಾಗುತ್ತದೆ ಎಂದುಕೊಂಡನೆ?

ಕೆಳಗೆ ಇನ್ನೂ ನಾಲ್ಕು ಸಾಲಿತ್ತು.

'ಇಷ್ಟು ವರ್ಷ ಅವಳನ್ನು ಜೋಪಾನ ಮಾಡಿದವರು ಚಿಂಚೋಳಿಯ ರೇವಣಸಿದ್ದಯ್ಯನವರು. ಆಣೆಕಟ್ಟಿಗೆ ಮಣ್ಣು ಅಗೆಯುವಾಗ ಸಿಕ್ಕವಳನ್ನು ದುಡ್ಡಿನ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟು, ಯೋಗ್ಯ ಕೈಗೆ ಒಪ್ಪಿಸಲು ಕಾದವರು. ಇಂದು ಬೆಳಿಗ್ಗೆ ಕಾಡಿನ ದಾರಿಯಲ್ಲಿ ಕೈಹಿಡಿದು ನಡೆಸಿ ತೋರಿಸಿದರು. ಅವರ ಹೆಸರು ಹೇಳದೆ ಇದನ್ನು ಬರೆದರೆ ನನಗೆ ಅನ್ನ ಇಳಿಯದು.'

ಪಡಸಾಲೆಯ ಫ್ಯಾನು ಜೋರಾಗಿ ತಿರುಗುತ್ತಿತ್ತು. ರಾಜೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡಳು.

ರೇವಣಸಿದ್ದಯ್ಯ ಎಂಬ ಹೆಸರಿನವರು ಚಿಂಚೋಳಿಯಲ್ಲಿ ಇನ್ನೊಬ್ಬರು ಇರಬಹುದು. ಆಣೆಕಟ್ಟಿನ ಮಣ್ಣು ಅಗೆಸಿದವರು ಇನ್ನೊಬ್ಬರಿಲ್ಲ.

"ಯಾಕ್ರಿ ಮೇಡಂ, ನೀರು ತರ್ಲೇನು?" ಮಹೇಶಕುಮಾರ ಎದ್ದ.

"ಬ್ಯಾಡ್ರಿ." ಅವಳು ಕೋರ್ಟಿನಲ್ಲಿ ಮಾತಾಡುವ ದನಿಯನ್ನು ಹೇಗೋ ಹುಡುಕಿ ತಂದಳು. "ಇದನ್ನ ನಿಮ್ಮನ್ನ ಬಿಟ್ಟು ಯಾರು ಓದ್ಯಾರ?"

ಅವನು ಅನುಮಾನಿಸಿದ. ಮೇಜಿನ ಮೇಲಿನ ಒಂದು ಕಲ್ಲನ್ನು ಎತ್ತಿ ಕೈಯಲ್ಲಿ ತಿರುಗಿಸಿದ.

"ಒಂದು ಮಾತು ಹೇಳ್ಬೇಕ್ರಿ. ಓದದ ಬರಹದ ಹೆಸರು ಇದರಾಗ ದಪ್ಪ ಅಕ್ಷರದಾಗ ಇರ್ತದ. ತೆರೆದು ಓದಿದ್ರ ತೆಳ್ಳಗ ಆಗ್ತದ. ಆ ಭಾನುವಾರ ನಾ ಗಣಿಯಿಂದ ಬಂದು ಕೂತಾಗ ಇದು ತೆಳ್ಳಗೇ ಇತ್ತು."

"ಅಂದ್ರ?"

"ನನಗಿಂತ ಮೊದಲ ಯಾರೋ ಓದಿದ್ರು. ಇದೇ ಕುರ್ಚಿ ಮ್ಯಾಲೆ ಕೂತು."

"ಆ ದಿನ ಮನ್ಯಾಗ ಯಾರಿದ್ರು?"

"ಒಬ್ಬ ಬಂದಿದ್ದ. ಶಹಾಬಾದಿನಾಗ ನೆಲಕ್ಕ ಹಾಸೋ ಫರಸಿ ಕಲ್ಲಿನ ವ್ಯಾಪಾರ ಅಂದ, ನಾಮದೇವ ಅಂತ ಹೆಸರು ಹೇಳಿದ. ಕಲ್ಲಿನ ಮಾದರಿ ತಂದೀನಿ, ನೋಡ್ರಿ ಅಂದ. ನೋಡ್ಲಿಕತ್ತಾಗ ಗಣಿಯಿಂದ ಅರ್ಜೆಂಟ್ ಫೋನ್ ಬಂತು. ನೀವು ಹೋಗಿ ಬರ್ರಿ, ನಾ ಕೂತಿರ್ತೀನಿ ಅಂದ. ಹೊಸಾ ಬರಹ ಬಂದ್ರ ಪರದೆ ಮೂಲ್ಯಾಗ ತಾನೇ ಒಂದು ಸಣ್ಣ ಚೌಕ ತೆರೀತದ್ರಿ. ಅದನ್ನ ನೋಡಿರ್ಬೇಕು. ನಾ ಬರೋದ್ರಾಗ ಹೋಗಿಬಿಟ್ಟಿದ್ದ. ಮಾದರಿನೂ ಒಯ್ದಿಲ್ಲ, ತಿರುಗಿ ಬರ್ಲೂ ಇಲ್ಲ."

"ಹ್ಯಾಂಗಿದ್ದ?"

"ಎತ್ತರದ ಆಸಾಮಿ. ಮಾತು ಭಾಳ ಮೆತ್ತಗ. ಒಮ್ಮೆ ಕೇಳಿದ್ರ ನಂಬಬೇಕು ಅನಸೂವಂಥಾದು." ಅವನು ಕಲ್ಲು ಕೆಳಗಿಟ್ಟ. "ಸೋಮವಾರ ಕೋರ್ಟಿಗೆ ಬಂದು ಇದನ್ನೆಲ್ಲಾ ಹೇಳ್ತೀನ್ರಿ. ನೌಕರಿ ಹೋದ್ರ ಹೋಗ್ಲಿ. ಈ ಬರಹದ ಪ್ರತಿ ತೆಗೆದುಕೊಡ್ಲೇನ್ರಿ?"

ರಾಜೇಶ್ವರಿ ಕೊನೆಯ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿದಳು.

ಆ ಪ್ರತಿ ನ್ಯಾಯಾಧೀಶರ ಮೇಜಿನ ಮೇಲೆ ಬಿದ್ದರೆ, ಜಾಗ ಗೊತ್ತಿದ್ದವನು ಪ್ರಾಣೇಶನೊಬ್ಬನೇ ಅಲ್ಲ ಎಂದಾಗುತ್ತಿತ್ತು. ಅವನು ಮನೆಗೆ ಬರುತ್ತಿದ್ದ. ಅವನು ಖಾಲಿ ಮಾಡಿದ ಜಾಗದಲ್ಲಿ ನಿಲ್ಲುವವರು ಯಾರು? ಈಗ ಅವನ ಸುಳ್ಳಿನ ಅರ್ಥ ಅವಳಿಗೆ ತಿಳಿಯಿತು. ಮುದುಕನ ಹೆಸರು ಹೊರಗೆ ಬರಬಾರದೆಂದು, ಅದರಲ್ಲೂ ಆ ಮುದುಕನ ಮಗಳ ಕಿವಿಗೆ ಬೀಳಬಾರದೆಂದು, ಅವನು ಜೈಲಿನ ಅನ್ನ ತಿನ್ನುತ್ತಿದ್ದ.

"ಕೊಡ್ರಿ," ಎಂದಳು ಕೊನೆಗೆ.

ಬಸ್ಸು ಸೇಡಂ ದಾಟಿ ಚಿಂಚೋಳಿಯ ದಾರಿ ಹಿಡಿದಾಗಲೂ ಅವಳು ಒಂದೇ ಪ್ರಶ್ನೆಯನ್ನು ಮಗುಚಿ ಮಗುಚಿ ಹಾಕುತ್ತಿದ್ದಳು. ನಾಮದೇವ ಎಂಬುವನಿಗೆ ಬರಹದಿಂದ ಸಿಕ್ಕದ್ದು ಜಾಗದ ಹೆಸರಲ್ಲ. ಜಾಗ ಬಲ್ಲವನ ಹೆಸರು. ಹೆಸರಿನಿಂದ ಅವನು ಮೂರ್ತಿಯವರೆಗೆ ಹೋದದ್ದು ಹೇಗೆ? ಅಪ್ಪನನ್ನು ಹೆದರಿಸಿದನೆ? ಹೆದರುವ ಮನುಷ್ಯನಲ್ಲ ಅವರು. ದುಡ್ಡು? ಆ ಯೋಚನೆ ಬಂದದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ರೇವಣಸಿದ್ದಯ್ಯನವರು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಿದ್ದರು. ರಾಜೇಶ್ವರಿ ಚಪ್ಪಲಿ ಬಿಟ್ಟು ಕಂಬಕ್ಕೆ ಒರಗಿ ಕೂತಳು. ಅವರು ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿತ್ತು. ಈ ವಾರ ಅವರು ಇಳಿದುಹೋಗಿದ್ದಾರೆ, ಕುತ್ತಿಗೆಯ ಎಲುಬು ಎದ್ದಿದೆ ಎಂಬುದು ಅವಳಿಗೆ ಈಗ ಕಂಡಿತು. ಒಂದೇ ಮನೆಯಲ್ಲಿದ್ದು ನೋಡಿರಲಿಲ್ಲ.

ಪೂಜೆ ಮುಗಿಸಿ ಅವರು ಕಣ್ಣು ತೆರೆದಾಗ ಅವಳು ಪ್ರತಿಯನ್ನು ಅವರ ಮುಂದೆ ಇಟ್ಟಳು.

ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಚಿತ್ರ ನೋಡಿದರೆ ಸಾಕಾಗಿತ್ತು.

"ಅಳಿಸೀನಿ ಅಂದಿದ್ದ," ಎಂದರು ಮೆಲ್ಲಗೆ.

"ನೀನೇ ಅಳಸು ಅಂದ್ಯೇನಪ್ಪಾ?"

"ಫೋನಿನ್ಯಾಗ ಪೂರಾ ಓದಿ ಹೇಳಿದ, ಪಾಪ, ಖುಷಿಲೇ. ನನ್ನ ಹೆಸರು ಯಾಕ ಹಾಕ್ದೆಪ್ಪಾ, ಜಲ್ದಿ ತಗಿ ಅಂದೆ. ತಗದ."

"ಮೂರ್ತಿ ಎಲ್ಲದಪ್ಪಾ?"

ಅವರು ಮಗಳ ಮುಖವನ್ನೇ ನೋಡಿದರು. ಆ ನೋಟದಲ್ಲಿದ್ದದ್ದು ತಪ್ಪು ಮಾಡಿದವನ ಅಂಜಿಕೆಯಲ್ಲ. ಅದು ಏನೆಂದು ಅವಳಿಗೆ ತಿಳಿಯಲಿಲ್ಲ.

"ಅದನ್ನ ನೀ ನನಗ ಕೇಳ್ತೀಯೇನವ್ವ?"

"ಮತ್ಯಾರನ್ನ ಕೇಳ್ಲಿ?"

"ನೀನೇ ತರಿಸಿಕೊಂಡೀದಿ."

ರಾಜೇಶ್ವರಿ ಕಂಬ ಬಿಟ್ಟು ಮುಂದಕ್ಕೆ ಸರಿದಳು. "ಏನಂದಿ?"

"ನೀ ಕಳಿಸೀದಿ ಅಂತ ಒಬ್ಬ ಬಂದ. ಎತ್ತರದಾಂವ, ಮಾತು ಮೆತ್ತಗ. ಮೂರ್ತಿ ಸುದ್ದಿ ಹೊರಗ ಬಿದ್ದದ, ಗುಲ್ಬರ್ಗಾದಾಗ ಇಡ್ಲಿಕ್ಕೆ ಭದ್ರ ಜಾಗ ಮಾಡ್ಯಾಳ, ಕೋರ್ಟಿನ ಮಾತು, ಮನ್ಯಾಗ ಈ ಬಗ್ಗೆ ತುಟಿ ಬಿಚ್ಚಬ್ಯಾಡಂತ ಹೇಳ್ಯಾಳ ಅಂದ. ಕರ್ಕೊಂಡು ಹೋದೆ. ನನ್ನ ಕೈಲೇ ತಗದು ಕೊಟ್ಟೆ." ಅವರು ತಮ್ಮ ಕೈ ನೋಡಿಕೊಂಡರು. "ಆಮ್ಯಾಲೆ ಪ್ರಾಣೇಶನ್ನ ಹಿಡದರು. ನೀ ಅವನ ವಕೀಲಕಿ ಆದಿ. ಇವತ್ತು ಹೇಳ್ತಾಳ, ನಾಳಿ ಹೇಳ್ತಾಳ ಅಂತ ಕಾದೆ. ನೀ ಏನೂ ಗೊತ್ತಿಲ್ಲದಾಕಿ ಹಂಗ ಉಂಡೆದ್ದು ಹೋಗ್ತಿದ್ದಿ. ನನ್ನ ಮಗಳೇ ಮೂರ್ತಿ ನುಂಗಿ ಆ ಪಾಪದವನ ತಲೀಗೆ ಕಟ್ಟಿದಳೇನೋ ಅಂತ... ವಾರದಿಂದ ನಿದ್ದಿ ಇಲ್ಲವ್ವ ನನಗ."

 ಅಪ್ಪನನ್ನು ತಾನು ಅನುಮಾನಿಸಿದ್ದು ಒಂದು ಬಸ್ ದಾರಿಯಷ್ಟು ಹೊತ್ತು. ಅವರು ತನ್ನನ್ನು ಅನುಮಾನಿಸುತ್ತಲೇ ದಿನವೂ ರೊಟ್ಟಿ ಬಡಿದು ಹಾಕಿದ್ದರು.

"ಅಪ್ಪಾ, ನಾ ಯಾರನ್ನೂ ಕಳಿಸಿಲ್ಲ."

ಅವರ ಮುಖ ಒಂದು ಗಳಿಗೆ ತಿಳಿಯಾಯಿತು. ಮರುಗಳಿಗೆಯಲ್ಲೇ ಇನ್ನಷ್ಟು ಬಿಳಿಚಿಕೊಂಡಿತು.

"ಹಂಗಾರ ನಾ ಯಾರ ಕೈಯಾಗ ಕೊಟ್ಟೆ?"

"ನನ್ನ ಹೆಸರು ಹೇಳಿದ ಕೂಡ್ಲೇ ಕೊಟ್ಟುಬಿಡೋದೇನು? ರಾಜೇಶ್ವರಿ ವಕೀಲರು ಅಂತ ಹೊರಗ ಬೋರ್ಡೇ ಅದ. ಯಾರು ಬೇಕಾದ್ರೂ ಹೇಳ್ತಾರ!"

ರೇವಣಸಿದ್ದಯ್ಯನವರು ನಿಧಾನವಾಗಿ ತಲೆ ಅಲ್ಲಾಡಿಸಿದರು.

"ಬೋರ್ಡಿನ ಹೆಸರು ಹೇಳಿದ್ರ ಹೊರಗ ದಬ್ಬತಿದ್ದೆ. ಮೈನಾ ಕಳಿಸ್ಯಾಳ ಅಂದ."

ಆ ಹೆಸರು ಆ ಮನೆಯಲ್ಲಿ ಕೇಳಿಸದೆ ಹನ್ನೆರಡು ವರ್ಷವಾಗಿತ್ತು. ಸದಾ ವಟಗುಟ್ಟುವ ಸಣ್ಣ ಮಗಳಿಗೆ ಚಂದಮ್ಮ ಇಟ್ಟ ಹೆಸರು. ಶಾಲೆಯಲ್ಲಿ ಗೊತ್ತಿರಲಿಲ್ಲ, ಓಣಿಯಲ್ಲಿ ಗೊತ್ತಿರಲಿಲ್ಲ. ಒಳಮನೆಯ ಹೊಸ್ತಿಲು ದಾಟದ ಹೆಸರು ಅದು.

ತಂದೆ ಮಗಳು ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ಮನಸ್ಸೂ ಮನೆ ಬಿಟ್ಟು ಹೋದವನ ಕಡೆ ಹೋಯಿತು. 

ಆ ಹೆಸರು ಗೊತ್ತಿದ್ದು ಇನ್ನೂ ಬದುಕಿದ್ದವರು ಮೂವರು. ಇಬ್ಬರು ಈ ಪಡಸಾಲೆಯಲ್ಲಿ ಕೂತಿದ್ದರು.